ದಿನಕ್ಕೆ ಆರು ಕಲ್ಲು

ಅಶ್ವಿನಿ ಮೂವತ್ತೆಂಟನೆಯ ಕಲ್ಲನ್ನು ಜೇಬಿಗೆ ಹಾಕಿಕೊಂಡಾಗಲೂ ಚೆಂಡು ಗುಳಿಯ ಹೊರಗೇ ಕೂತಿತ್ತು. ಗುಳಿಗೂ ಚೆಂಡಿಗೂ ನಡುವೆ ಒಂದು ಗೇಣು ಜಾಗ. ಅವಳು ಉಸಿರು ಬಿಗಿಹಿಡಿದು ಕಬ್ಬಿಣದ ಕೋಲಿನಿಂದ ಮೆಲ್ಲಗೆ ತಳ್ಳಿದಳು. ಚೆಂಡು ಗುಳಿಯ ಅಂಚಿಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಕೊನೆಗೆ ಒಳಗೆ ಬಿತ್ತು.

ಮೂವತ್ತೊಂಬತ್ತು. ಅವಳು ಇನ್ನೊಂದು ಕಲ್ಲು ಹೆಕ್ಕಿ ಜೇಬಿಗೆ ಹಾಕಿದಳು. ಅವಳು ಹಾಕಿಕೊಂಡಿದ್ದದ್ದು ಅಣ್ಣನ ಹಳೆಯ ಚಡ್ಡಿ. ಕಲ್ಲಿನ ಭಾರಕ್ಕೆ ಅದು ಒಂದು ಕಡೆ ಜಗ್ಗುತ್ತಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ನಡೆಯಬೇಕಾಗಿತ್ತು.

ಅವಳು ಸುತ್ತ ನೋಡಿದಳು. ಅಣ್ಣ ಜಯರಾಮು ದೂರದಲ್ಲಿ ಕುರಿ ತಿರುಗಿಸುತ್ತಿದ್ದ. ಪಕ್ಕದ ಮನೆಯ ಭೀಮರಾಜು ಬಂಡೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಯಾರೂ ಇತ್ತ ನೋಡುತ್ತಿರಲಿಲ್ಲ.

ಅಶ್ವಿನಿ ಹುಣಸೆಮರದ ಹಿಂದಕ್ಕೆ ಹೋಗಿ ಜೇಬಿನಿಂದ ಆರು ಕಲ್ಲು ತೆಗೆದು ಬೇರಿನ ಸಂದಿಗೆ ಹಾಕಿದಳು. ಏಳನೆಯದು ಕೈಗೆ ಬಂದಿತ್ತು, ಅದನ್ನು ವಾಪಸ್ ಜೇಬಿಗೆ ಹಾಕಿಕೊಂಡಳು. ಆಮೇಲೆ ಏನೂ ಆಗಿಲ್ಲದವರಂತೆ ಮನೆಯ ಕಡೆ ನಡೆದಳು.

ಇದೆಲ್ಲ ಶುರುವಾದದ್ದು ಚಿಕ್ಕಪ್ಪ ಮುತ್ತುರಾಜುವಿನ ಕಾಲು ಮುರಿದದ್ದರಿಂದ. ಚಿಕ್ಕಪ್ಪ ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುತ್ತಿದ್ದ. ಹೋದ ತಿಂಗಳು ಮೆಷಿನ್ನಿನಿಂದ ಇಳಿಯುವಾಗ ಜಾರಿ ಬಿದ್ದು, ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಬಂದ. ಊರು ಪುರವರವೆಂಬ ಹೋಬಳಿಗೆ ಮೂರು ಕಿಲೋಮೀಟರ್. ಮನೆಯ ಮುಂದೆ ಹೊಂಗೆಮರ, ಮರದ ಕೆಳಗೆ ಮಂಚ, ಮಂಚದ ಮೇಲೆ ಚಿಕ್ಕಪ್ಪ. ಎದುರಿಗೆ ಕುರಿ ಮೇಯುವ ಗೋಮಾಳ.

ಹುಲ್ಲು ಕತ್ತರಿಸುವುದಕ್ಕೆ ಸಂಬಳ ಕೊಡುತ್ತಾರೆ ಅನ್ನುವುದನ್ನು ತಾತ ಅಂಜನಪ್ಪ ಇವತ್ತಿಗೂ ನಂಬಿರಲಿಲ್ಲ. ತನ್ನ ಅರವತ್ತು ಕುರಿಗಳು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿರುವಾಗ ದುಡ್ಡು ಕೊಡುವ ದಡ್ಡರು ಯಾರಿರುತ್ತಾರೆ ಅನ್ನುವುದು ತಾತನ ವಾದ. ಮಗ ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವನಿಗೆ ಒಳಗೊಳಗೇ ಅನುಮಾನವಿತ್ತು.

ಚಿಕ್ಕಪ್ಪನ ಬ್ಯಾಗಿನಲ್ಲಿ ಹುಲ್ಲಲ್ಲಿ ಸಿಕ್ಕ ಒಂದು ಡಜನ್ ಹಳೆಯ ಚೆಂಡುಗಳೂ, ಯಾರೋ ಸಾಹೇಬರು ಬೇಡವೆಂದು ಬಿಟ್ಟುಹೋಗಿದ್ದ ಒಂದು ಕಬ್ಬಿಣದ ಕೋಲೂ ಇದ್ದವು. ಮಲಗಿ ಮಲಗಿ ಬೇಜಾರಾಗಿ ಅವನು ಮಕ್ಕಳ ಕೈಯಲ್ಲಿ ಗೋಮಾಳದ ತುಂಬ ಆರು ಗುಳಿ ತೋಡಿಸಿದ. ಒಂದೊಂದು ಗುಳಿಗೂ ಒಂದೊಂದು ಬಾವುಟ. ಬಾವುಟವೆಂದರೆ ಹಳೆಯ ಸೀರೆಯ ಚೂರು. ಎರಡನೆಯ ದಿನವೇ ನಾಲ್ಕನೆಯ ಗುಳಿಯ ಬಾವುಟವನ್ನು ಒಂದು ಮೇಕೆ ತಿಂದು ಮುಗಿಸಿತು.

ಒಂದೇ ಕೋಲು, ಆಡುವವರು ಮೂವರು. ಅದಕ್ಕೇ ದಿನವೂ ಸಂಜೆ ಸ್ಕೂಲಿನಿಂದ ಬಂದ ಮೇಲೆ ಸರದಿಯಂತೆ ಒಬ್ಬೊಬ್ಬರೇ ಆಡುವುದು, ಆಗ ಉಳಿದಿಬ್ಬರು ಕುರಿ ಕಾಯುವುದು ಎಂದಾಯಿತು. ಎಷ್ಟು ಕಡಿಮೆ ಏಟಿಗೆ ಆರೂ ಗುಳಿ ಮುಗಿಸುತ್ತೀರೋ ಅಷ್ಟು ಒಳ್ಳೆಯದು ಎಂದು ಚಿಕ್ಕಪ್ಪ ಹೇಳಿದ್ದ. ಮೊದಲ ದಿನ ಜಯರಾಮು ಇಪ್ಪತ್ತೇಳು ಏಟು ಅಂದ. ಭೀಮರಾಜುವೂ ಇಪ್ಪತ್ತೇಳೇ ಅಂದ. ನೀನು ಸುಳ್ಳು, ನಿಮ್ಮಪ್ಪ ಸುಳ್ಳು ಎಂದು ಇಬ್ಬರೂ ಮಣ್ಣಲ್ಲಿ ಉರುಳಾಡಿದರು.

ತಾತ ಎದ್ದು ಬಂದು ಇಬ್ಬರನ್ನೂ ಬಿಡಿಸಿದ. ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಕುರಿಗಳ ಲೆಕ್ಕವನ್ನು ಅವನು ಕಲ್ಲಿನಲ್ಲೇ ಇಡುತ್ತಿದ್ದ. ಮರಿ ಹುಟ್ಟಿದರೆ ಚೀಲಕ್ಕೆ ಒಂದು ಕಲ್ಲು ಹಾಕುವುದು, ಕುರಿ ಮಾರಿದರೆ ಒಂದು ತೆಗೆಯುವುದು. ಏಟಿಗೊಂದು ಕಲ್ಲು ಜೇಬಿಗೆ ಹಾಕಿಕೊಳ್ಳಿ, ಕೊನೆಗೆ ಮಂಚದ ಮೇಲೆ ಸುರಿದು ಎಣಿಸಿ ಎಂದು ಅವನು ತೀರ್ಮಾನ ಕೊಟ್ಟ. ಮರುದಿನ ಜಯರಾಮುವಿನ ಇಪ್ಪತ್ತೇಳು ಮೂವತ್ತಮೂರಾಯಿತು. ಭೀಮರಾಜುವಿನದು ನಲವತ್ತು ದಾಟಿತು.

ಅಲ್ಲಿಗೆ ಎಲ್ಲ ಸರಿಯಾಗಬೇಕಾಗಿತ್ತು. ಆದರೆ ಚಿಕ್ಕಪ್ಪ ಒಂದು ಪಂದ್ಯ ಇಟ್ಟ. ಇನ್ನು ಹತ್ತು ದಿನಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರೆ, ಆಮೇಲೆ ಒಂದು ದಿನ ಕ್ಲಬ್ಬಿಗೆ ಹೋಗಿ ಸೂಪರ್‌ವೈಸರ್‌ಗೆ ಮುಖ ತೋರಿಸಿ ಬರಬೇಕು. ಮುಂದಿನ ವಾರದ ಭಾನುವಾರ ಪಂದ್ಯ, ಅದರಲ್ಲಿ ಗೆದ್ದವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದ. ಬೆಳಗ್ಗೆ ಬಸ್ಸು ಹತ್ತುವುದು, ಕಣ್ಣು ಹಾಯಿಸಿದಷ್ಟೂ ಹಸಿರಾಗಿರುವ ಗಾಲ್ಫ್ ಮೈದಾನ ನೋಡುವುದು, ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತಿನ್ನುವುದು, ಸಂಜೆಗೆ ವಾಪಸ್.

ಅಶ್ವಿನಿಗೆ ಆ ಮೈದಾನ ನೋಡಲೇಬೇಕು ಅನ್ನಿಸಿತು. ಭೀಮರಾಜುವಿಗೆ ದೋಸೆ ತಿನ್ನಲೇಬೇಕು ಅನ್ನಿಸಿತು.

ಎಂಟನೆಯ ಕ್ಲಾಸಿನ ಜಯರಾಮುವನ್ನು ಐದನೆಯ ಕ್ಲಾಸಿನ ತಾವು ಗೆಲ್ಲುವುದು ಹೇಗೆ ಎಂದು ಭೀಮರಾಜು ತಕರಾರು ತೆಗೆದ. ಆಗ ಚಿಕ್ಕಪ್ಪ ಒಂದು ಇದ್ದಿಲ ಚೂರು ತರಿಸಿ, ಮಂಚವನ್ನು ಮನೆಯ ಗೋಡೆಯ ಪಕ್ಕಕ್ಕೆ ಎಳೆಸಿ, ಅಮ್ಮ ಹಬ್ಬಕ್ಕೆಂದು ಸುಣ್ಣ ಬಳಿದಿದ್ದ ಗೋಡೆಯ ಮೇಲೆ ಲೆಕ್ಕ ಬರೆದ.

"ಇದಕ್ಕೆ ಹ್ಯಾಂಡಿಕ್ಯಾಪ್ ಅಂತಾರೆ. ಚೆನ್ನಾಗಿ ಆಡೋರು ಒಂದೊಂದು ಗುಳಿನೂ ನಾಲ್ಕೇಟಿಗೆ ಮುಗಿಸ್ಬೇಕು. ಆರು ಗುಳಿಗೆ ಇಪ್ಪತ್ನಾಲ್ಕು. ಇದು ಪಾರ್. ನೀನು ಮೂವತ್ತೈದು ಹೊಡೆದ್ರೆ ಪಾರ್‌ಗಿಂತ ಹನ್ನೊಂದು ಜಾಸ್ತಿ. ಇಂಗೆ ಎಂಟು ದಿನ ಬರ್ಕೊಳ್ಳಾದು. ಅದ್ರಲ್ಲಿ ನೀನು ಬಲು ಚೆನ್ನಾಗಾಡಿದ ಮೂರು ದಿನ ತಗೊಂಡು ಸರಾಸರಿ ಹಾಕಾದು. ಅದೇ ನಿನ್ ನಂಬರ್ರು. ಪಂದ್ಯದ ದಿನ ನೀನು ಹೊಡೆದ ಏಟಲ್ಲಿ ಆ ನಂಬರ್ ಕಳೀತೀವಿ. ಉಳಿದಿದ್ದು ಯಾರ್ದು ಕಮ್ಮಿನೋ ಅವ್ರು ಗೆದ್ದಂಗೆ."

ದೊಡ್ಡ ಕ್ಲಬ್ಬುಗಳಲ್ಲಿ ಇಪ್ಪತ್ತು ಆಟದಲ್ಲಿ ಒಳ್ಳೆಯ ಎಂಟನ್ನು ತೆಗೆದುಕೊಳ್ಳುತ್ತಾರೆ, ಮೈದಾನ ಎಷ್ಟು ಕಷ್ಟದ್ದು ಅನ್ನುವುದನ್ನೂ ಸೇರಿಸುತ್ತಾರೆ, ಈಗ ಕಂಪ್ಯೂಟರೇ ಲೆಕ್ಕ ಹಾಕುತ್ತದೆ ಎಂದೂ ಹೇಳಿದ. ನಮಗೆ ಇದ್ದಿಲು ಸಾಕು ಅಂದ.

ಕೆಟ್ಟ ದಿನಗಳನ್ನು ಯಾಕೆ ಬಿಡಬೇಕು ಎಂದು ಭೀಮರಾಜು ಕೇಳಿದ. ಬೇಕೆಂದೇ ಕೆಟ್ಟದಾಗಿ ಆಡಿ ನಂಬರ್ ಜಾಸ್ತಿ ಮಾಡಿಕೊಳ್ಳುವವರು ಇರುತ್ತಾರೆ, ಅದಕ್ಕೇ ಎಂದ ಚಿಕ್ಕಪ್ಪ. ಭೀಮರಾಜುವಿನ ಮುಖ ಸಪ್ಪಗಾಯಿತು.

"ಅಂದ್ರೆ ಗ್ರೇಸ್ ಮಾರ್ಕ್ಸ್," ಅಂದ ಜಯರಾಮು. "ಅಶ್ವಿನಿಗೆ ಬೇಕು ಬುಡು. ಅವ್ಳು ಸಣ್ಣೋಳು."

ಆ ಮಾತು ಅಶ್ವಿನಿಗೆ ಮುಳ್ಳಿನಂತೆ ಚುಚ್ಚಿತು. ಲಗೋರಿ ಆಡುವಾಗ ಅವಳ ಬೆನ್ನಿಗೆ ಚೆಂಡು ಬಿದ್ದರೂ ಯಾರೂ ಔಟ್ ಎನ್ನುತ್ತಿರಲಿಲ್ಲ. ಕೊಕ್ಕೋದಲ್ಲಿ ಅವಳನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ಸಣ್ಣೋಳು ಬುಡು, ಆಡ್ಕೊಳ್ಳಿ ಎನ್ನುತ್ತಿದ್ದರು. ಅವಳು ಸೋತರೂ ಒಂದೇ, ಗೆದ್ದರೂ ಒಂದೇ. ಔಟಾಗುವುದಕ್ಕಾದರೂ ತನ್ನನ್ನು ಬಿಡಬಾರದೆ ಎಂದು ಅವಳಿಗೆ ಎಷ್ಟೋ ಸಲ ಅಳು ಬಂದಿತ್ತು.

ಈಗ ಗಾಲ್ಫಿನಲ್ಲೂ ಗ್ರೇಸ್ ಮಾರ್ಕ್ಸು. ತನಗೆ ಅದು ಬೇಡ, ಎಲ್ಲರಿಗಿಂತ ದೊಡ್ಡ ನಂಬರಂತೂ ಬೇಡವೇ ಬೇಡ ಎಂದು ಅವಳು ಅಂದೇ ನಿರ್ಧಾರ ಮಾಡಿದಳು. ಅವತ್ತಿನಿಂದ ಹುಣಸೆಮರದ ಹಿಂದೆ ದಿನಕ್ಕೆ ಆರು ಕಲ್ಲು ಬೀಳತೊಡಗಿದವು.

ಎಂಟನೆಯ ಸಂಜೆ ಚಿಕ್ಕಪ್ಪ ಗೋಡೆಯ ಮೇಲೆ ನಂಬರ್ ಬರೆದ. ಜಯರಾಮುವಿನ ಒಳ್ಳೆಯ ಮೂರು ದಿನ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಪಾರ್‌ಗಿಂತ ನಾಲ್ಕು, ಐದು, ಆರು ಜಾಸ್ತಿ. ಸರಾಸರಿ ಐದು. ಭೀಮರಾಜುವಿಗೆ ಹನ್ನೊಂದು. ಅಶ್ವಿನಿಯದು ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಅಂದರೆ ಏಳು, ಎಂಟು, ಒಂಬತ್ತು. ಸರಾಸರಿ ಎಂಟು.

"ನಂಗಿಂತ ಚೆನ್ನಾಗಾಡ್ತೀಯೇನೇ?" ಎಂದು ಭೀಮರಾಜು ಬಾಯಿ ಬಿಟ್ಟುಕೊಂಡು ನೋಡಿದ. ಜಯರಾಮುವೂ ಒಂದು ಸಲ ತಿರುಗಿ ನೋಡಿದ. ಅಶ್ವಿನಿಗೆ ಖುಷಿಯೋ ಖುಷಿ. ಮರುದಿನ ಕ್ಲಾಸಿನಲ್ಲಿ ತನ್ನ ನಂಬರ್ ಎಂಟು ಎಂದು ಎಲ್ಲರಿಗೂ ಹೇಳಿದಳು. ಎಂಟು ಏನು ಎಂದು ಯಾರಿಗೂ ಗೊತ್ತಾಗದಿದ್ದರೂ ಅವಳು ಹೇಳಿದ ರೀತಿಗೆ ಇಬ್ಬರು ಹುಡುಗಿಯರು ಬೆರಗಾದರು.

ಭಾನುವಾರ ಬಂತು. ಪಂದ್ಯದ ದಿನ ಮೂವರೂ ಒಟ್ಟಿಗೇ ನಡೆಯಬೇಕು, ಒಬ್ಬರ ಕಲ್ಲನ್ನು ಇನ್ನೊಬ್ಬರು ಇಟ್ಟುಕೊಳ್ಳಬೇಕು ಎಂದು ಚಿಕ್ಕಪ್ಪ ಹೇಳಿದ. ಕ್ಲಬ್ಬಿನಲ್ಲೂ ಹಾಗೆಯೇ, ಒಬ್ಬರ ಲೆಕ್ಕ ಇನ್ನೊಬ್ಬರು ಬರೆಯುತ್ತಾರಂತೆ. ಅಶ್ವಿನಿಯ ಕಲ್ಲು ಭೀಮರಾಜುವಿನ ಜೇಬಿಗೆ ಹೋಯಿತು. ಹುಣಸೆಮರದ ಹಿಂದೆ ಹೋಗುವ ದಾರಿ ಮುಚ್ಚಿತು.

ಆದರೆ ಆ ದಿನ ಏನಾಯಿತೋ ಏನೋ, ಚೆಂಡು ಅವಳ ಮಾತು ಕೇಳಿತು. ಮೊದಲನೆಯ ಗುಳಿಯನ್ನು ಐದೇ ಏಟಿಗೆ ಮುಗಿಸಿದಳು. ಎರಡನೆಯದಕ್ಕೆ ಬಂಡೆ ದಾಟಬೇಕು. ದಿನವೂ ಬಂಡೆಗೆ ಬಡಿದು ಹಿಂದಕ್ಕೆ ಬರುತ್ತಿದ್ದ ಚೆಂಡು ಅವತ್ತು ಪಕ್ಕದಲ್ಲಿ ಉರುಳಿ ಮುಂದಕ್ಕೆ ಹೋಯಿತು. ಮೂರನೆಯದರಲ್ಲಿ ಚೆಂಡು ಕತ್ತಾಳೆಗೆ ಸಿಕ್ಕಿ ಮೂರು ಏಟು ದಂಡವಾದರೂ ಅವಳು ಎದೆಗುಂದಲಿಲ್ಲ.

ನಾಲ್ಕನೆಯ ಗುಳಿಯ ಹತ್ತಿರ ಅವಳ ಚೆಂಡಿನ ಮೇಲೆ ತಾತನ ದೊಡ್ಡ ಟಗರು ನಿಂತುಬಿಟ್ಟಿತ್ತು. ಮೂವರೂ ಸೇರಿ ತಳ್ಳಿದರೂ ಅಲುಗಾಡಲಿಲ್ಲ. ಕಾಲ ಕೆಳಗಿದ್ದ ಚೆಂಡನ್ನು ಅದು ತಾನಾಗಿಯೇ ಒಮ್ಮೆ ಹಿಂದಕ್ಕೆ ಒದ್ದಿತು. ಚೆಂಡು ಗುಳಿಯಿಂದ ಇನ್ನೂ ದೂರ ಹೋಯಿತು. ಕುರಿ ಒದ್ದರೆ ಚೆಂಡು ಹೋಗಿ ನಿಂತ ಜಾಗದಿಂದಲೇ ಆಡಬೇಕು ಎಂದು ಜಯರಾಮು ಪಟ್ಟು ಹಿಡಿದ. ಅಶ್ವಿನಿ ಅಲ್ಲಿಂದಲೇ ಆಡಿದಳು. ಆ ಹೊಡೆತಕ್ಕೆ ಚೆಂಡು ನೆಟ್ಟಗೆ ಗುಳಿಯ ಪಕ್ಕಕ್ಕೆ ಬಂದು ನಿಂತಿತು. ಅಂಥ ಹೊಡೆತವನ್ನು ಅವಳು ಜನ್ಮದಲ್ಲಿ ಹೊಡೆದಿರಲಿಲ್ಲ.

ಆಟ ಮುಗಿಯಿತು. ಭೀಮರಾಜು ಮಂಚದ ಮೇಲೆ ಅವಳ ಕಲ್ಲು ಸುರಿದ. ಚಿಕ್ಕಪ್ಪ ಎರಡು ಸಲ ಎಣಿಸಿದ. ಮೂವತ್ತೈದು.

ಅಶ್ವಿನಿಯ ನಿಜವಾದ ಲೆಕ್ಕದಲ್ಲಿ ಮೂವತ್ತೇಳಕ್ಕಿಂತ ಕೆಳಗೆ ಒಂದು ದಿನವೂ ಇಳಿದಿರಲಿಲ್ಲ. ಮೂವತ್ತೈದು ಅಂದರೆ ಅವಳು ಕುಣಿದಾಡಬೇಕು, ಊರಿಗೆಲ್ಲ ಕೂಗಿ ಹೇಳಬೇಕು. ಅವಳ ಬಾಯಿ ಅದಾಗಲೇ ತೆರೆದಿತ್ತು.

"ಏನವ್ವ, ಮೂವತ್ತೊಂದು ಹೊಡೆದೋಳು ಇವತ್ತು ಮೂವತ್ತೈದು ಮಾಡ್ಕೊಂಡ್ಬುಟ್ಟೆ," ಅಂದ ಚಿಕ್ಕಪ್ಪ. "ಭಯ ಆಗೋಯ್ತಾ?"

ತೆರೆದ ಬಾಯಿ ಮುಚ್ಚಿಕೊಂಡಿತು.

ಚಿಕ್ಕಪ್ಪ ಗೋಡೆಯ ಮೇಲೆ ಬರೆದ. ಜಯರಾಮು ಮೂವತ್ತು, ಐದು ಕಳೆದರೆ ಇಪ್ಪತ್ತೈದು. ಭೀಮರಾಜು ಮೂವತ್ತೇಳು, ಹನ್ನೊಂದು ಕಳೆದರೆ ಇಪ್ಪತ್ತಾರು. ಅಶ್ವಿನಿ ಮೂವತ್ತೈದು, ಎಂಟು ಕಳೆದರೆ ಇಪ್ಪತ್ತೇಳು. ಗೆದ್ದವನು ಜಯರಾಮು. ಅಶ್ವಿನಿ ಎಲ್ಲರಿಗಿಂತ ಕೊನೆ.

ಜಯರಾಮು ಗೋಮಾಳದ ಸುತ್ತ ಓಡಿದ. ಒಂದೇ ಏಟಿನಲ್ಲಿ ದೋಸೆ ತಪ್ಪಿಹೋಯಿತಲ್ಲ ಎಂದು ಭೀಮರಾಜು ಸ್ವಲ್ಪ ಹೊತ್ತು ತಲೆ ಮೇಲೆ ಕೈಹೊತ್ತು ಕೂತಿದ್ದ. ಆಮೇಲೆ ಅಶ್ವಿನಿಯ ಹತ್ತಿರ ಬಂದು, "ಬುಡೇ, ಒಂದೊಂದಿನ ಇಂಗಾಯ್ತದೆ," ಎಂದು ಸಮಾಧಾನ ಹೇಳಿದ. ಅಮ್ಮ ಒಳಗಿನಿಂದ ಬಂದು ಅವಳ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಟು ತಲೆ ನೇವರಿಸಿದಳು. ತಾತನೂ ಅಯ್ಯೋ ಪಾಪ ಅಂದ.

ಅಶ್ವಿನಿ ಕುರಿಗಳನ್ನು ಕೂಡುವ ರೊಪ್ಪದ ಹಿಂದೆ ಹೋಗಿ ಕೂತಳು. ಬೆಂಗಳೂರು ತಪ್ಪಿದ್ದಕ್ಕೆ ಬೇಜಾರಾಗಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಸಂಕಟ ಬೇರೆಯದೇ ಇತ್ತು. ಅವಳು ಹುಟ್ಟಿದ ಮೇಲೆ ಇಷ್ಟು ಚೆನ್ನಾಗಿ ಯಾವತ್ತೂ ಆಡಿರಲಿಲ್ಲ. ಅದನ್ನು ನೋಡಿದವರೆಲ್ಲ ಪಾಪ ಅಂದರು. ಟಗರಿನ ಹಿಂದಿನಿಂದ ಹೊಡೆದ ಆ ಹೊಡೆತಕ್ಕೂ ಪಾಪ ಅಂದರು.

ಬೆಲ್ಲ ಪೂರ್ತಿ ತಿಂದು ಮುಗಿಸಿದ ಮೇಲೂ ಆ ಸಂಕಟ ಹೋಗಲಿಲ್ಲ. ಅವಳು ಎದ್ದು ಚಿಕ್ಕಪ್ಪನ ಮಂಚದ ಹತ್ತಿರ ಹೋದಳು. ಸ್ವಲ್ಪ ಹೊತ್ತು ಪ್ಲಾಸ್ಟರಿನ ಮೇಲೆ ಉಗುರಿನಿಂದ ಕೆರೆಯುತ್ತ ನಿಂತಳು.

"ಚಿಕ್ಕಪ್ಪ, ಇವತ್ತಿಂದು ನನ್ ಬೆಸ್ಟು," ಅಂದಳು.

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ಅವಳು ಹುಣಸೆಮರದ ಕಡೆ ಕೈ ತೋರಿಸಿದಳು. ಆಮೇಲೆ ಮಾತು ಬಡಬಡನೆ ಹೊರಗೆ ಬಂತು. ಗ್ರೇಸ್ ಮಾರ್ಕ್ಸ್ ಬೇಡವೆಂದು ಕಲ್ಲು ಬಿಸಾಡಿದ್ದು, ಎಂಟು ದಿನವೂ ಬಿಸಾಡಿದ್ದು, ಮೂವತ್ತೊಂದು ಅಂತ ಬರೆಸಿದ ದಿನ ನಿಜವಾಗಿ ಮೂವತ್ತೇಳು ಆಗಿದ್ದು, ಎಲ್ಲ ಹೇಳಿದಳು.

"ಎಲ್ಲಾ ದಿನಾನೂ ಆರೇನಾ?" ಎಂದು ಚಿಕ್ಕಪ್ಪ ಕೇಳಿದ.

"ಹ್ಞೂ. ಆರಕ್ಕಿಂತ ಜಾಸ್ತಿ ಬಿಸಾಕಿದ್ರೆ ಮೋಸ ಅಲ್ವಾ?"

ಚಿಕ್ಕಪ್ಪ ನಗು ತಡೆಯಲು ಹೋಗಿ ಕೆಮ್ಮಿದ. ಕೆಮ್ಮಿದ್ದಕ್ಕೆ ಪ್ಲಾಸ್ಟರಿನ ಕಾಲು ನೋವಾಗಿ ಅಯ್ಯಪ್ಪಾ ಅಂದ. ಆಮೇಲೆ ತನ್ನ ಕ್ಲಬ್ಬಿನ ಒಬ್ಬ ಸಾಹೇಬರ ಕತೆ ಹೇಳಿದ. ಆ ಸಾಹೇಬರೂ ಹೀಗೆಯೇ ಏಟು ಬಚ್ಚಿಡುತ್ತಾರಂತೆ. ತಮ್ಮ ನಂಬರ್ ಒಂಬತ್ತು ಎಂದು ಮದುವೆ ಮನೆಗಳಲ್ಲೂ ಹೇಳಿಕೊಳ್ಳುತ್ತಾರಂತೆ. ಹನ್ನೊಂದು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿಲ್ಲವಂತೆ. ಪ್ರತಿ ಸಲ ಸೋತಾಗಲೂ ಹುಲ್ಲು ಸರಿಯಾಗಿ ಕತ್ತರಿಸಿಲ್ಲವೆಂದು ಚಿಕ್ಕಪ್ಪನನ್ನು ಬೈಯುತ್ತಾರಂತೆ.

"ಗ್ರೇಸ್ ಮಾರ್ಕ್ಸ್ ಮೇಷ್ಟ್ರು ಕೊಡ್ತಾರೆ," ಅಂದ ಚಿಕ್ಕಪ್ಪ. "ಇದನ್ನ ನಿಂಗ್ಯಾರು ಕೊಟ್ರು ಹೇಳು?"

ಅಶ್ವಿನಿ ಯೋಚಿಸಿದಳು. ಯಾರೂ ಕೊಟ್ಟಿರಲಿಲ್ಲ. ಎಂಟು ಸಂಜೆ ಬಿಸಿಲಲ್ಲಿ ಒಂದೊಂದೇ ಏಟು ಹೊಡೆದವಳು ಅವಳೇ.

ಚಿಕ್ಕಪ್ಪ ಇದ್ದಿಲನ್ನು ಅವಳ ಕೈಗೆ ಕೊಟ್ಟ. ಅವಳು ಗೋಡೆಯ ಮೇಲಿನ ತನ್ನ ಎಂಟೂ ದಿನಗಳಿಗೆ ಆರಾರು ಕೂಡಿಸಿ ಬರೆದಳು. ಆಗ ಅವಳ ನಿಜವಾದ ನಂಬರ್ ಹದಿನಾಲ್ಕು ಎಂದು ತಿಳಿಯಿತು. ಅಷ್ಟರಲ್ಲಿ ಜಯರಾಮು ಬಂದು ಹಿಂದೆ ನಿಂತಿದ್ದ. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಮೂವತ್ತೈದರಲ್ಲಿ ಹದಿನಾಲ್ಕು ಕಳೆದರೆ ಇಪ್ಪತ್ತೊಂದು. ತನ್ನದು ಇಪ್ಪತ್ತೈದು. ಅವನ ಮುಖದ ಬಣ್ಣ ಇಳಿಯಿತು. ಬೆಂಗಳೂರು ಕೈತಪ್ಪಿತೇ ಎಂದು ಚಿಕ್ಕಪ್ಪನ ಮುಖ ನೋಡಿದ.

ಬರೆಸಿದ ನಂಬರಿಗೇ ಪಂದ್ಯ ಆಗಿದೆ, ಅದು ಬದಲಾಗುವುದಿಲ್ಲ, ನೀನೇ ಬರಬೇಕು ಎಂದು ಚಿಕ್ಕಪ್ಪ ಅವನಿಗೆ ಹೇಳಿದ. ಅಶ್ವಿನಿ ಬೇಡ ಅನ್ನಲಿಲ್ಲ. ಅವಳು ಎಂಟು ದಿನದ ಸಾಲಿನ ಕೆಳಗೆ ಮೂವತ್ತೈದು ಎಂದು ದೊಡ್ಡದಾಗಿ ಬರೆದು, ಅದರ ಸುತ್ತ ಒಂದು ಗೆರೆ ಎಳೆಯುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ಮಾರನೆಯ ದಿನ ಜಯರಾಮು ಬೆಂಗಳೂರಿಗೆ ಹೋಗಿ ಬಂದ. ಮೈದಾನದ ಬಗ್ಗೆ ಎರಡು ದಿನ ಮಾತಾಡಿದ, ದೋಸೆಯ ಬಗ್ಗೆ ಮೂರು ದಿನ. ಅಷ್ಟು ಹುಲ್ಲನ್ನು ಒಂದು ಕುರಿಯೂ ಮೇಯುವುದಿಲ್ಲ ಎಂದು ಕೇಳಿ ತಾತನಿಗೆ ರಾತ್ರಿ ಊಟ ಸೇರಲಿಲ್ಲ. ಅಶ್ವಿನಿ ಎಲ್ಲವನ್ನೂ ಬಾಯಿ ಬಿಟ್ಟುಕೊಂಡು ಕೇಳಿದಳು. ನಡುವೆ ಒಂದೆರಡು ಸಲ ಹೊಟ್ಟೆಕಿಚ್ಚೂ ಆಯಿತು.

ಚಿಕ್ಕಪ್ಪನ ಡ್ಯೂಟಿ ಶುರುವಾಗುವುದಕ್ಕೆ ಇನ್ನೂ ಒಂದು ವಾರವಿತ್ತು. ಭಾನುವಾರ ಇನ್ನೊಂದು ಪಂದ್ಯ ಎಂದು ಅವನು ಹೇಳಿದ. ಈ ಸಲ ಬಹುಮಾನ ಏನೂ ಇಲ್ಲ. ಕುಂಟುತ್ತ ಗೋಡೆಯ ಹತ್ತಿರ ಹೋಗಿ ಹೊಸ ನಂಬರ್ ಬರೆದ. ಅಶ್ವಿನಿಯ ಒಳ್ಳೆಯ ಮೂರು ದಿನ ಈಗ ಮೂವತ್ತೈದು, ಮೂವತ್ತೇಳು, ಮೂವತ್ತೆಂಟು. ಸರಾಸರಿ ಹನ್ನೆರಡೂ ಮುಕ್ಕಾಲಿನ ಹತ್ತಿರ ಬಂತು. ಚಿಕ್ಕಪ್ಪ ಅದನ್ನು ಹದಿಮೂರು ಮಾಡಿದ.

ಜಯರಾಮು ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಅವನು ಬೆರಳು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ತಾನು ಇಪ್ಪತ್ತೊಂಬತ್ತು ಹೊಡೆದರೆ ಏನಾಗುತ್ತದೆ, ಇವಳು ಮತ್ತೆ ಮೂವತ್ತೈದು ಹೊಡೆದರೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ಕೂಡಿ ಕಳೆದ.

"ಹದಿಮೂರು ಜಾಸ್ತಿ ಆಯ್ತು ಚಿಕ್ಕಪ್ಪ," ಅಂದ. "ಅವ್ಳು ಈಗ ಚೆನ್ನಾಗಾಡ್ತಾಳೆ. ಹನ್ನೊಂದು ಮಾಡು."

ಅಶ್ವಿನಿ ಗೋಡೆಗೆ ಬೆನ್ನು ಕೊಟ್ಟು, ತನ್ನ ನಂಬರಿಗೆ ಅಡ್ಡವಾಗಿ ನಿಂತಳು.

"ನಂದು ಹದಿಮೂರೇ," ಅಂದಳು. "ಒಂದೂ ಬುಡಾಕಿಲ್ಲ."

ಜಯರಾಮು ಅವಳನ್ನೇ ನೋಡಿದ. ಸಣ್ಣೋಳು ಅನ್ನುವ ಮಾತು ಅವನ ಬಾಯಿಗೆ ಬರಲಿಲ್ಲ. ಅಣ್ಣ ತನಗೆ ಹೆದರಿದ್ದಾನೆ ಎಂದು ಅಶ್ವಿನಿಗೆ ಆಗ ಗೊತ್ತಾಯಿತು. ಅವಳಿಗೆ ಒಳಗೆಲ್ಲ ಹಿತವಾಯಿತು.

ಅವಳು ಕೋಲು ಎತ್ತಿಕೊಂಡು ಮೊದಲನೆಯ ಗುಳಿಯ ಕಡೆಗೆ ಹೊರಟಳು. ಹನ್ನೆರಡಾದರೂ ಮಾಡಿಕೋ ಎಂದು ಚೌಕಾಸಿ ಮಾಡುತ್ತ ಜಯರಾಮು ಅವಳ ಹಿಂದೆಯೇ ಬಂದ.